ರೆಸಾರ್ಟ್ ಬರಲಿಲ್ಲ, ಹೊಲ ಯಾರದು?

ಕಲಬುರಗಿಯಿಂದ ಜೇವರ್ಗಿ ರಸ್ತೆ ಹಿಡಿದರೆ ಭೀಮಾ ನದಿ ದಾಟುವ ಮೊದಲು ಫಿರೋಜಾಬಾದ್ ಬರುತ್ತದೆ. 1400ರ ಆಸುಪಾಸಿನಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಇಲ್ಲಿ ನದಿ ದಂಡೆಗೆ ಒಂದು ಅರಮನೆ ನಗರವನ್ನೇ ಕಟ್ಟಿಸಿದ. ಮೂರು ಕಡೆ ಕಲ್ಲಿನ ಕೋಟೆ, ನಾಲ್ಕನೇ ಕಡೆ ಭೀಮೆ. ಒಳಗೆ ದೊಡ್ಡ ಮಸೀದಿ, ಅರಮನೆಯ ಅಂಗಳಗಳು, ಬಿಸಿನೀರಿನ ಹಮಾಮುಗಳು. ದಖನ್ನಿನಲ್ಲಿ ಇಂದಿಗೂ ಉಳಿದಿರುವ ಹಮಾಮುಗಳ ಪೈಕಿ ಇವು ತೀರ ಹಳೆಯವು. ರಾಜಧಾನಿಯ ಗದ್ದಲ ಬಿಟ್ಟು ಅರಸ ಬಂದಿರುತ್ತಿದ್ದ ಜಾಗ. ಈಗಿನ ಮಾತಿನಲ್ಲಿ ರೆಸಾರ್ಟ್ ಎಂದರೆ ತಪ್ಪಾಗದು. 1422ರಲ್ಲಿ ಫಿರೋಜ್ ತೀರಿಕೊಂಡ, ಅವನ ತಮ್ಮ ಅಹಮದ್ ಷಾ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದ. ಫಿರೋಜಾಬಾದ್ ಪಾಳು ಬಿತ್ತು. ಕಾಲಕ್ರಮದಲ್ಲಿ ಕೋಟೆಯ ಒಳಗೆ ನೇಗಿಲು ಬಂತು, ಜೋಳ ಬಂತು.

ಅದೇ ಫಿರೋಜಾಬಾದ್, ಹೊನ್ನಕಿರಣಗಿ, ನದಿಸಿನ್ನೂರು ಸೀಮೆಯಲ್ಲಿ ನಮ್ಮ ಕಾಲದಲ್ಲಿ ಇನ್ನೊಂದು ಯೋಜನೆ ಬಂತು. ಕರ್ನಾಟಕ ವಿದ್ಯುತ್ ನಿಗಮದ ಉಷ್ಣ ಸ್ಥಾವರಕ್ಕೆಂದು ಸಾವಿರಕ್ಕೂ ಮಿಕ್ಕಿ ಎಕರೆ ಸ್ವಾಧೀನವಾಯಿತು. ಸ್ಥಾವರ ಏಳಲಿಲ್ಲ. ಆದರೆ ಈ ಸಲ ನೇಗಿಲು ತಾನಾಗಿ ವಾಪಸು ಬರಲಿಲ್ಲ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಏಳು ರಾಜ್ಯಗಳಿಗೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿತು. ಕರ್ನಾಟಕದ ಪಾಲಿನ ಪಾರ್ಕಿಗೆ ಇಲ್ಲಿನ ಸಾವಿರ ಎಕರೆ ಗೊತ್ತಾಯಿತು. ವಿದ್ಯುತ್ತಿಗೆಂದು ಕೊಟ್ಟ ಹೊಲ ನೂಲಿಗೆ ಹೋಯಿತು.

ಆರುನೂರು ವರ್ಷದ ಹಿಂದೆ ಅರಸ ಎದ್ದು ಹೋದರೆ ಹೊಲ ಮತ್ತೆ ಹೊಲವಾಗುತ್ತಿತ್ತು. ಈಗ ಯೋಜನೆ ನಿಂತರೂ ಹೊಲ ಹಿಂದಕ್ಕೆ ಬರುವುದಿಲ್ಲ. ನೆಲ ಈಗ ಯೋಜನೆಯ ಬೆನ್ನು ಹತ್ತಿ ಹೋಗುವುದಲ್ಲ, ಕಾಗದದ ಬೆನ್ನು ಹತ್ತಿ ಹೋಗುತ್ತದೆ. ಯಾವ ಕಾಗದದ ಮೇಲೆ ಹೋಯಿತೋ, ಯೋಜನೆ ಬಿದ್ದ ಮೇಲೆ ಅದರ ಗತಿಯನ್ನು ಆ ಕಾಗದವೇ ತೀರ್ಮಾನ ಮಾಡುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರು ಕೈ ಮುಂದೆ ಮಾಡುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಗೆ 4 ಎಕರೆ 20 ಗುಂಟೆ ಎರೆ ಹೊಲ. ದತ್ತನ ದರ್ಶನಕ್ಕೆ ದೇವಲ ಗಾಣಗಾಪುರಕ್ಕೆ ವರ್ಷವಿಡೀ ಜನ ಬರುತ್ತಾರೆ, ಅವರಿಗೆಂದು ನದಿ ಪಕ್ಕ ದೊಡ್ಡ ರೆಸಾರ್ಟ್ ಆಗುತ್ತದೆ ಎಂಬ ಸುದ್ದಿ. ಮಧ್ಯಸ್ಥನೊಬ್ಬ ಹೊಲದ ಬದುವಿಗೆ ಬಂದು ನಿಲ್ಲುತ್ತಾನೆ.

“ಕಾಕಾ, ಚಿಂತಿ ಮಾಡಬ್ಯಾಡ್ರಿ. ಆರು ತಿಂಗಳದಾಗ ಕೆಲಸ ಸುರು ಆಗ್ತದ. ಸದ್ಯ ಇಸಾರ ತಗೋರಿ, ಉಳದದ್ದು ರಜಿಸ್ಟ್ರಿ ದಿನ.”

“ಕೆಲಸ ಸುರು ಆಗ್ಲಿಲ್ಲಂದ್ರ?”

“ಆಗದ ಏನ್ ಮಾಡ್ತದರಿ? ನಿಮ್ಮ ಹೊಲ ನಿಮ್ಮ ಬಲ್ಯಾಕೇ ಇರ್ತದಲ್ಲ.”

ಕಾಕಾ ಕೇಳಿದ ಪ್ರಶ್ನೆ ಸರಿಯಾಗಿದೆ. ಸಿಕ್ಕ ಉತ್ತರ ಅರ್ಧ ಮಾತ್ರ ನಿಜ. ಇಸಾರ ಪಡೆದು ಕರಾರು ಪತ್ರಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ, ಅದು ನಿಜ. ಆದರೆ ಕರಾರು ನೋಂದಣಿಯಾಗಿದ್ದರೆ ಋಣಭಾರ ಪತ್ರದಲ್ಲಿ, ಅಂದರೆ ನಾವೆಲ್ಲ ಇಸಿ ಎನ್ನುವ ಕಾಗದದಲ್ಲಿ, ಅದು ಕೂತುಬಿಡುತ್ತದೆ. ಮುಂದೆ ಮಗಳ ಮದುವೆಗೆಂದು ಒಂದು ಎಕರೆ ಮಾರಲು ಹೋದರೆ ಕೊಳ್ಳುವವನು ಆ ಇಸಿ ನೋಡಿ ಹಿಂದೆ ಸರಿಯುತ್ತಾನೆ. ಅದನ್ನು ತೆಗೆಸಬೇಕಾದರೆ ಎರಡೂ ಕಡೆಯವರು ಉಪನೋಂದಣಿ ಕಚೇರಿಗೆ ಬಂದು ರದ್ದತಿ ಪತ್ರಕ್ಕೆ ಸಹಿ ಮಾಡಬೇಕು. ಕಂಪನಿಯ ಆಫೀಸೇ ಬಾಗಿಲು ಹಾಕಿದ್ದರೆ ಬರುವವರಾರು? ಆಗ ಉಳಿಯುವುದು ಕೋರ್ಟು. ಕರಾರಿನಂತೆ ಖರೀದಿ ಮಾಡಿಕೊಡಿ ಎಂದು ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಮೂರು ವರ್ಷದ ಅವಧಿ ಕೊಡುತ್ತದೆ. ಪತ್ರದಲ್ಲಿ ತಾರೀಖು ನಮೂದಾಗಿದ್ದರೆ ಆ ತಾರೀಖಿನಿಂದ ಮೂರು ವರ್ಷ. ತಾರೀಖು ಇಲ್ಲದಿದ್ದರೆ ಖರೀದಿ ಮಾಡಿಕೊಡುವುದಿಲ್ಲ ಎಂದು ಹೇಳಿದ್ದು ತಿಳಿದ ದಿನದಿಂದ. ಆ ದಿನ ಯಾವುದು ಎಂಬುದೇ ಮುಂದೆ ಜಗಳವಾಗುತ್ತದೆ. ಆದ್ದರಿಂದ ಇಸಾರ ಪತ್ರದಲ್ಲಿ ಹಣದ ಮೊತ್ತಕ್ಕಿಂತ ಕೊನೆಯ ತಾರೀಖು ಮುಖ್ಯ. ಇಂತಿಂಥ ದಿನದೊಳಗೆ ಪೂರ್ತಿ ಹಣ ಕೊಟ್ಟು ರಜಿಸ್ಟ್ರಿ ಮಾಡಿಸಿಕೊಳ್ಳದಿದ್ದರೆ ಕರಾರು ಬಿದ್ದುಹೋಗುತ್ತದೆ, ಇಸಾರದ ಹಣ ಹೀಗೆ ಇತ್ಯರ್ಥವಾಗುತ್ತದೆ ಎಂದು ಬರೆಸಿಕೊಳ್ಳದೆ ಹೆಬ್ಬೆಟ್ಟು ಒತ್ತಬಾರದು.

ಕರಾರಿನ ಜೊತೆಗೆ ಜಿಪಿಎ, ಅಂದರೆ ಮುಖ್ತ್ಯಾರ ಪತ್ರವನ್ನೂ ಕೇಳುವುದು ಈಗ ಮಾಮೂಲಿ. “ಎನ್‌ಎ ಮಾಡಿಸಲಿಕ್ಕೆ ನೀವು ಪದೇ ಪದೇ ಕಲಬುರಗಿಗೆ ಅಡ್ಡಾಡಬಾರದಲ್ರಿ” ಎಂದು ಕಾಳಜಿಯ ದನಿಯಲ್ಲೇ ಕೇಳುತ್ತಾರೆ. ಎನ್‌ಎ ಎಂದರೆ ಹೊಲವನ್ನು ಕೃಷಿಯೇತರ ಮಾಡಿಸುವುದು. ಜಿಪಿಎ ಮಾಲೀಕತ್ವ ದಾಟಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಅದು ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ. ಕೊಡಲೇಬೇಕಾದರೆ ಎನ್‌ಎ ಅರ್ಜಿಗೆ ಮಾತ್ರ ಎಂದು ಅಧಿಕಾರಕ್ಕೆ ಬೇಲಿ ಹಾಕಿ. ಮಾರುವ, ಅಡವಿಡುವ ಮಾತು ಅದರಲ್ಲಿ ಇರಬಾರದು.

ಎನ್‌ಎ ಬಗ್ಗೆಯೂ ಎರಡು ಮಾತು. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಆ ಆದೇಶ ಬಂದ ಮೇಲೆ ಪಹಣಿಯಲ್ಲಿ ಹೊಲದ ಸ್ವರೂಪ ಬದಲಾಗುತ್ತದೆ. ಯೋಜನೆ ಬಿದ್ದುಹೋಗಿ, ನೀವು ಮತ್ತೆ ಅದೇ ನೆಲದಲ್ಲಿ ತೊಗರಿ ಬಿತ್ತಿದರೂ ಕಾಗದದ ಪ್ರಕಾರ ಅದು ಹೊಲವಲ್ಲ. ಬೆಳೆ ಸಾಲ, ಬೆಳೆ ವಿಮೆ, ಬೆಳೆ ಪರಿಹಾರ ಎಲ್ಲಕ್ಕೂ ಪಹಣಿಯೇ ಆಧಾರವಾದ್ದರಿಂದ ಒಂದೊಂದು ಕಚೇರಿಯಲ್ಲೂ ಒಂದೊಂದು ತಕರಾರು ಎದುರಾಗುತ್ತದೆ. ಕಂಪನಿ ಪೂರ್ತಿ ಹಣ ಕೊಟ್ಟು ಖರೀದಿ ಮಾಡಿಕೊಳ್ಳುವ ಮೊದಲು ರೈತನ ಹೆಸರಿನಲ್ಲೇ ಎನ್‌ಎ ಮಾಡಿಸಲು ಬಿಡುವುದರಲ್ಲಿ ಇರುವ ಅಪಾಯ ಇದು.

ಲೀಸ್ ಇದಕ್ಕಿಂತ ವಾಸಿ. ನಮ್ಮಲ್ಲಿ ಲಾವಣಿ ಎನ್ನುವುದರ ದೊಡ್ಡಣ್ಣ ಅದು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ನೋಂದಣಿ ಆಗಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಬಾಡಿಗೆ ನಿಂತರೆ ಎಷ್ಟು ತಿಂಗಳಿಗೆ ಹೊಲ ವಾಪಸು, ಕಟ್ಟಿದ ಗೋಡೆ ಕೆಡವುವವರು ಯಾರು, ಕೆಡವಲು ಯಾರ ಖರ್ಚು, ಇಷ್ಟು ಅದರಲ್ಲಿ ಬರೆದಿದ್ದರೆ ಯೋಜನೆ ಬಿದ್ದರೂ ರೈತ ಬೀಳುವುದಿಲ್ಲ. ಲೀಸಿನ ಹಕ್ಕನ್ನು ಕಂಪನಿ ಬ್ಯಾಂಕಿಗೆ ಅಡವಿಡಬಹುದೇ ಎಂಬ ಸಾಲನ್ನು ಎರಡು ಸಲ ಓದಿ.

ನೇರ ಖರೀದಿಯಾದರೆ ಹೇಳಲು ಹೆಚ್ಚೇನಿಲ್ಲ. ಮಾರಿದ್ದು ಮಾರಿದಂತೆಯೇ. ರೆಸಾರ್ಟ್ ಕಟ್ಟಲಿಲ್ಲವೆಂದು ಹೊಲ ಹಿಂದಕ್ಕೆ ಕೇಳುವ ಹಕ್ಕು, ಪತ್ರದಲ್ಲಿ ಬರೆದಿಲ್ಲದಿದ್ದರೆ, ಇರುವುದಿಲ್ಲ. 79ಎ, 79ಬಿ ಎಂದು ಹೆಸರಾಗಿದ್ದ ಭೂಸುಧಾರಣಾ ಕಾಯ್ದೆಯ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದ ಮೇಲೆ, ಒಕ್ಕಲುತನ ಗೊತ್ತಿಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಹಾಗಾಗಿ ಖರೀದಿಯ ಆಸೆ ತೋರಿಸುವವರೂ ಹೆಚ್ಚು.

ಸರ್ಕಾರದ ಸ್ವಾಧೀನ

ತೀರ ಸಿಕ್ಕು ಇರುವುದು ಇಲ್ಲಿ. ಖಾಸಗಿಯವರು ಕೇಳಿದರೆ ಒಲ್ಲೆ ಎನ್ನಬಹುದು, ಸರ್ಕಾರ ಕೇಳಿದರೆ ಒಲ್ಲೆ ಎನ್ನುವ ದಾರಿ ಬೇರೆ.

ಕರ್ನಾಟಕದಲ್ಲಿ ಗಾಲ್ಫ್ ರೆಸಾರ್ಟಿಗೆಂದೇ ಸರ್ಕಾರ ರೈತರ ನೆಲ ತೆಗೆದುಕೊಂಡ ಪ್ರಕರಣವಿದೆ. ಅದರ ಕಥೆ ಬೆಂಗಳೂರಿನದು, ಆದರೆ ಅದನ್ನು ಆಳಂದದ ರೈತರೂ ತಿಳಿದಿರಬೇಕು. 1981ರ ಡಿಸೆಂಬರ್ 29ರಂದು, ಆಗ ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿದ್ದ ಕೋಡಿಹಳ್ಳಿಯ 39 ಎಕರೆ 27 ಗುಂಟೆಗೆ ಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟಿತು. ಹಳೆಯ ವಿಮಾನ ನಿಲ್ದಾಣದ ಹತ್ತಿರ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಕಟ್ಟಲಿರುವ “ಗಾಲ್ಫ್ ಮತ್ತು ಹೋಟೆಲ್ ರೆಸಾರ್ಟ್” ಎಂಬುದು ಅದರಲ್ಲಿ ಹೇಳಿದ್ದ ಸಾರ್ವಜನಿಕ ಉದ್ದೇಶ. 1983ರ ಏಪ್ರಿಲ್‌ನಲ್ಲಿ ಅಂತಿಮ ಘೋಷಣೆ, 1986ರಲ್ಲಿ ಪರಿಹಾರದ ಐತೀರ್ಪು. ಪರಿಹಾರ ಕೊಡಲು ನಿಗಮದ ಹತ್ತಿರ ಹಣವಿರಲಿಲ್ಲ. ಖಾಸಗಿಯವರ ಹಣ ಬಂತು, ಅದರ ಬೆನ್ನಿಗೆ ನೆಲವೂ ಖಾಸಗಿಯವರ ಕಡೆ ಹರಿಯಿತು. ಒಂದಷ್ಟು ಹೋಟೆಲಿಗೆ ಲೀಸ್ ಆಯಿತು, ಬಹುಪಾಲು ಡೆವಲಪರ್ ಪಾಲಾಯಿತು. ರೈತರ ಹೆಸರು ಪಹಣಿಯಿಂದ ಅಳಿಸಿದ ಆ ಗಾಲ್ಫ್ ರೆಸಾರ್ಟ್ ಮಾತ್ರ ಅಧಿಸೂಚನೆಯಲ್ಲಿ ಹೇಳಿದಂತೆ ಆಗಲೇ ಇಲ್ಲ.

ಕೆಲವು ಭೂಮಾಲೀಕರು ಹೈಕೋರ್ಟಿಗೆ ಹೋದರು. 1991ರಲ್ಲಿ ವಿಭಾಗೀಯ ಪೀಠ ಅವರ ಮಟ್ಟಿಗೆ ಸ್ವಾಧೀನವನ್ನು ರದ್ದು ಮಾಡಿತು. ಇನ್ನೊಬ್ಬ ಭೂಮಾಲೀಕರ ದಾವೆ ಕೆಳಗೆ ಮೇಲೆ ಓಡಾಡಿ 2011ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ರಾಯಲ್ ಆರ್ಕಿಡ್ ಹೋಟೆಲ್ಸ್ ಪ್ರಕರಣ ಎಂದು ವಕೀಲರು ಇದನ್ನು ಕರೆಯುತ್ತಾರೆ. ಸಾರ್ವಜನಿಕ ಉದ್ದೇಶದ ಹೆಸರು ಹೇಳಿ ನೆಲ ತೆಗೆದುಕೊಂಡು ಖಾಸಗಿಯವರಿಗೆ ದಾಟಿಸುವುದು ಅಧಿಕಾರಕ್ಕೆ ಬಗೆದ ವಂಚನೆ ಎಂಬುದು ತೀರ್ಪಿನ ತಿರುಳು. ಭೂಮಾಲೀಕರು ತಡವಾಗಿ ಬಂದರು ಎಂಬ ವಾದಕ್ಕೂ ಕೋರ್ಟ್ ಮಣಿಯಲಿಲ್ಲ.

ಮೊದಲ ಅಧಿಸೂಚನೆಯಿಂದ ಕೊನೆಯ ತೀರ್ಪಿಗೆ ಮೂವತ್ತು ವರ್ಷ. ಹೊಲ ಕೊಟ್ಟಾಗ ಮೀಸೆ ಕಪ್ಪಗಿದ್ದವನಿಗೆ ತೀರ್ಪು ಬರುವ ಹೊತ್ತಿಗೆ ಮೊಮ್ಮಕ್ಕಳು. ತೀರ್ಪಿನ ಫಲ ಸಿಕ್ಕಿದ್ದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಎಂಬುದನ್ನೂ ಗಮನಿಸಬೇಕು.

ಈ ತೀರ್ಪನ್ನು ಓದಿ, ಯೋಜನೆ ನಿಂತರೆ ಸರ್ಕಾರ ಹೊಲ ವಾಪಸು ಕೊಡಲೇಬೇಕು ಎಂದು ತಿಳಿದವರು ಬಹಳ. ಅದು ಹಾಗಲ್ಲ. ಅಲ್ಲಿ ವಂಚನೆ ರುಜುವಾತಾಗಿತ್ತು. ವಂಚನೆ ಇಲ್ಲದೆ, ಹಣ ಸಾಲದೆಯೋ ಕಲ್ಲಿದ್ದಲು ಸಿಗದೆಯೋ ಯೋಜನೆ ನಿಂತಿದ್ದರೆ ಲೆಕ್ಕ ಬೇರೆ. ಒಮ್ಮೆ ಪರಿಹಾರ ಕೊಟ್ಟು, ಕಬ್ಜಾ ತೆಗೆದುಕೊಂಡು, ನೆಲ ಸರ್ಕಾರದ ವಶವಾದ ಮೇಲೆ ಮೂಲ ಉದ್ದೇಶಕ್ಕೆ ಬಳಸಲಿಲ್ಲವೆಂಬ ಒಂದೇ ಕಾರಣಕ್ಕೆ ಹಳೆಯ ಮಾಲೀಕರು ಅದನ್ನು ಹಿಂದಕ್ಕೆ ಕೇಳಲಾಗದು, ಬೇರೊಂದು ಸಾರ್ವಜನಿಕ ಕೆಲಸಕ್ಕೆ ಅದನ್ನು ಬಳಸಬಹುದು ಎಂದು ಸುಪ್ರೀಂ ಕೋರ್ಟ್ ಅನೇಕ ಸಲ ಹೇಳಿದೆ. ಫಿರೋಜಾಬಾದಿನ ನೆಲ ವಿದ್ಯುತ್ತಿನಿಂದ ಜವಳಿಗೆ ಹೋದದ್ದು ಈ ಹಾದಿಯಲ್ಲಿ.

2013ರ ಭೂಸ್ವಾಧೀನ ಕಾಯ್ದೆ ಇದನ್ನು ಸ್ವಲ್ಪ ಬದಲಿಸಿತು. ಕಬ್ಜಾ ತೆಗೆದುಕೊಂಡು ಐದು ವರ್ಷ ಬಳಸದೆ ಬಿಟ್ಟ ನೆಲ ಮೂಲ ಮಾಲೀಕರಿಗೋ ಅವರ ವಾರಸುದಾರರಿಗೋ ಮರಳಬೇಕು, ಇಲ್ಲವೇ ಸರ್ಕಾರದ ಭೂ ಬ್ಯಾಂಕಿಗೆ ಸೇರಬೇಕು ಎನ್ನುತ್ತದೆ ಅದರ 101ನೇ ಕಲಂ. ‘ಇಲ್ಲವೇ’ ಎಂಬ ಆ ಒಂದು ಪದದಲ್ಲಿ ಆಯ್ಕೆಯೆಲ್ಲ ಸರ್ಕಾರದ ಕೈಗೆ ಹೋಯಿತು. ಅಭಿವೃದ್ಧಿ ಮಾಡದೆ ಐದು ವರ್ಷದೊಳಗೆ ಹೆಚ್ಚಿನ ಬೆಲೆಗೆ ಬೇರೆಯವರಿಗೆ ದಾಟಿಸಿದರೆ ಏರಿದ ಬೆಲೆಯಲ್ಲಿ ಶೇ 40ರಷ್ಟು ಮೂಲ ಮಾಲೀಕರಿಗೆ ಸಲ್ಲಬೇಕು ಎಂಬ 102ನೇ ಕಲಂ ನನಗೆ ಹೆಚ್ಚು ಹಲ್ಲು ಇರುವ ಕಲಮಿನಂತೆ ಕಾಣುತ್ತದೆ. ಅದೇ ಕಾಯ್ದೆ ಪ್ರವಾಸೋದ್ಯಮವನ್ನು ಸಾರ್ವಜನಿಕ ಉದ್ದೇಶಗಳ ಪಟ್ಟಿಯಲ್ಲಿ ಇಟ್ಟಿದೆ, ಆದರೆ ಮೂಲಸೌಕರ್ಯದ ಹೆಸರಿನಲ್ಲಿ ಖಾಸಗಿ ಹೋಟೆಲಿಗೆ ಸ್ವಾಧೀನ ಮಾಡುವುದನ್ನು ಹೊರಗಿಟ್ಟಿದೆ. ಈ ಕಾಯ್ದೆಗೆ ರಾಜ್ಯಗಳು ತಿದ್ದುಪಡಿ ತಂದುಕೊಂಡಿವೆ, ಕರ್ನಾಟಕವೂ 2019ರಲ್ಲಿ ತಂದಿದೆ. ವಕೀಲರ ಹತ್ತಿರ ಹೋದಾಗ ತಿದ್ದುಪಡಿಯಾದ ಪಠ್ಯವನ್ನೇ ಮುಂದಿಟ್ಟುಕೊಂಡು ಕೇಳಿ.

ಆದರೆ ನಮ್ಮ ಭಾಗದಲ್ಲಿ ಕೈಗಾರಿಕೆಯ ಹೆಸರಿನಲ್ಲಿ ನಡೆಯುವ ಸ್ವಾಧೀನ ಬಹುಮಟ್ಟಿಗೆ 2013ರ ಕಾಯ್ದೆಯಡಿ ನಡೆಯುವುದಿಲ್ಲ, ಕೆಐಎಡಿಬಿಯ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ, 1966ರ ಕಾಯ್ದೆಯಡಿ ನಡೆಯುತ್ತದೆ. ಕೈಗಾರಿಕೆಗೆ ಮಾತ್ರ ಅದು ಎಂದುಕೊಳ್ಳಬೇಡಿ. ವ್ಯಾಪಾರ ಮತ್ತು ಪ್ರವಾಸಿ ಕೇಂದ್ರಗಳ ಟೌನ್‌ಶಿಪ್ ಕೂಡ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಹಳೆಯ ಸ್ವಾಧೀನಗಳು ತಾವಾಗಿ ಬಿದ್ದುಹೋಗುವ ಬಗ್ಗೆ 2013ರ ಕಾಯ್ದೆಯ 24ನೇ ಕಲಮಿನಲ್ಲಿ ಇರುವ ಅನುಕೂಲ ಕೆಐಎಡಿಬಿ ಸ್ವಾಧೀನಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದ್ದರಿಂದ ಇಲ್ಲಿ ಎರಡು ಸಂಖ್ಯೆ ಬಾಯಿಪಾಠವಿರಲಿ: 28(1) ಮತ್ತು 28(4). 28(1) ಎಂದರೆ ಪ್ರಾಥಮಿಕ ಅಧಿಸೂಚನೆ. ನೋಟಿಸು ಕೈಗೆ ಬಂದ 30 ದಿನದೊಳಗೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಮಾತನಾಡಲು ಬಾಗಿಲು ತೆರೆದಿರುವುದು ಈ ಒಂದು ತಿಂಗಳು. 28(4) ಅಂತಿಮ ಘೋಷಣೆ. ಅದು ಗೆಜೆಟ್ಟಿನಲ್ಲಿ ಬಂದ ದಿನ ನೆಲ ಸರ್ಕಾರದ್ದಾಗುತ್ತದೆ. 28(1) ಆಗಿ 28(4) ಆಗದೆ ವರ್ಷಗಟ್ಟಲೆ ತೂಗಾಡುವ ಹೊಲಗಳ ಸಂಕಟವೇ ಬೇರೆ. ಪಹಣಿಯ 11ನೇ ಕಾಲಂನಲ್ಲಿ ಅಧಿಸೂಚನೆಯ ಟಿಪ್ಪಣಿ ಕೂತಿರುತ್ತದೆ, ಉಳುವವರು ನೀವೇ, ಮಾರಲು ಬಾರದು, ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಕಬ್ಜಾ ಇನ್ನೂ ನಿಮ್ಮದೇ ಇದ್ದರೆ, ಯೋಜನೆ ನಿಂತದ್ದನ್ನು ತೋರಿಸಿ ಸ್ವಾಧೀನದಿಂದ ಕೈಬಿಡುವಂತೆ ಕೇಳಲು ಅದೇ ಸಮಯ. ಒಬ್ಬೊಬ್ಬರೇ ಹೋಗುವುದಕ್ಕಿಂತ ಸರ್ವೆ ನಂಬರುಗಳ ಪಟ್ಟಿ ಮಾಡಿ ಊರೆಲ್ಲ ಒಟ್ಟಿಗೆ ಹೋದರೆ ಕಡತ ಕದಲುತ್ತದೆ.

ಕಾಡಿನ ನೆಲವಾದರೆ ನಿಯಮ ಇನ್ನೂ ಬಿಗಿ. ನಾಗರಹೊಳೆಯ ಮೂರ್ಕಲ್ಲಿನಲ್ಲಿ ರಾಷ್ಟ್ರೀಯ ಉದ್ಯಾನದ ಒಳಗೇ ಸರ್ಕಾರ 1994ರಲ್ಲಿ ತಾಜ್ ಸಮೂಹದ ಕಂಪನಿಗೆ ಲೀಸ್ ಕೊಟ್ಟಿತ್ತು. ಕಟ್ಟಡಗಳು ಎದ್ದವು. ಜೇನುಕುರುಬರೂ ಇತರ ಆದಿವಾಸಿಗಳೂ ಸಂಘಟಿತರಾಗಿ ಹೈಕೋರ್ಟಿಗೆ ಹೋದರು. ಅರಣ್ಯ ಸಂರಕ್ಷಣಾ ಕಾಯ್ದೆ ಮೀರಿ ಕೊಟ್ಟ ಲೀಸ್ ಎಂದು 1997ರಲ್ಲಿ ಅದು ಬಿದ್ದುಹೋಯಿತು. ರೆಸಾರ್ಟ್ ಬಾಗಿಲು ತೆಗೆಯಲೇ ಇಲ್ಲ, ಗೋಡೆಗಳು ಕಾಡಿನಲ್ಲಿ ಉಳಿದವು.

ಕ್ಯಾಸಿನೊ ಎಂಬ ಮಾತು

ಬಣ್ಣದ ಪುಸ್ತಿಕೆಯಲ್ಲಿ ಕ್ಯಾಸಿನೊ ಎಂಬ ಪದವಿದ್ದರೆ ಆ ಯೋಜನೆ ಇಲ್ಲದ ಕಾನೂನಿನ ಮೇಲೆ ಕಟ್ಟಿದ್ದು ಎಂದೇ ತಿಳಿಯಬೇಕು. ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜಿನ ಅಡ್ಡೆ ನಡೆಸುವುದನ್ನೂ ಅಲ್ಲಿ ಕೂರುವುದನ್ನೂ ಅಪರಾಧ ಎನ್ನುತ್ತದೆ, ಕ್ಯಾಸಿನೊಗೆ ಲೈಸೆನ್ಸ್ ಕೊಡುವ ಕಾನೂನು ರಾಜ್ಯದಲ್ಲಿ ಇಲ್ಲ. 2020ರ ಫೆಬ್ರುವರಿಯಲ್ಲಿ ಅಂದಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಕ್ಯಾಸಿನೊದ ಮಾತೆತ್ತಿದರು, ನಾಲ್ಕೂ ಕಡೆಯಿಂದ ವಿರೋಧ ಬಂದು ಮಾತು ಅಲ್ಲಿಗೇ ನಿಂತಿತು. ಗೋವಾದಲ್ಲಿ ಇದೆಯಲ್ಲ ಎನ್ನಬಹುದು. ಅಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಿಗೆ, ಆಮೇಲೆ ಹಡಗುಗಳಿಗೆ ಅವಕಾಶ ಮಾಡಿದರು. ಅದು ಆ ರಾಜ್ಯದ ಕಾನೂನು.

ಆಳಂದ, ಅಫಜಲಪುರದ ಗಡಿಗೆ ಹತ್ತಿರದ್ದು ಮಹಾರಾಷ್ಟ್ರ. ಅಕ್ಕಲಕೋಟೆಗೆ ಹೋದರೆ ಕನ್ನಡವೇ ಕೇಳಿಸುತ್ತದೆ. ಆ ಕಡೆ ನೆಲ ಕೊಂಡರೆ ಕ್ಯಾಸಿನೊ ಆಗುತ್ತದೆ, ಅಲ್ಲಿ ಕಾಯ್ದೆಯೇ ಇದೆ ಎಂದು ನಂಬಿಸಲು ಅಲ್ಲಿನ ಹಳೆಯ ಕಾಯ್ದೆಯೊಂದನ್ನು ತೋರಿಸಬಹುದಿತ್ತು. ನಿಜಕ್ಕೂ ಇತ್ತು, ಮಹಾರಾಷ್ಟ್ರ ಕ್ಯಾಸಿನೊ ನಿಯಂತ್ರಣ ಮತ್ತು ತೆರಿಗೆ ಕಾಯ್ದೆ, 1976. ಶಾಸನಸಭೆ ಅಂಗೀಕರಿಸಿತು, ಆದರೆ ಜಾರಿಗೆ ತರುವ ಅಧಿಸೂಚನೆಯನ್ನು ಯಾವ ಸರ್ಕಾರವೂ ಹೊರಡಿಸಲಿಲ್ಲ. ಹೊಸ ಸರ್ಕಾರ ಬಂದಾಗಲೆಲ್ಲ ಈ ಸಲ ಜಾರಿಯಾಗುತ್ತದೆ ಎಂಬ ಗುಲ್ಲು. 47 ವರ್ಷ ಹೀಗೇ ಕಳೆದು 2023ರಲ್ಲಿ ಅದನ್ನು ರದ್ದು ಮಾಡಿದರು. ಕಾಯ್ದೆ ಪಾಸಾಗುವುದು ಒಂದು, ಜಾರಿಗೆ ಬರುವುದು ಇನ್ನೊಂದು ಎಂಬುದಕ್ಕೆ ಇಷ್ಟು ಚೆನ್ನಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಗಾಲ್ಫ್ ಹುಲ್ಲಿನ ಕೆಳಗೆ ಏನಿರುತ್ತದೆ

ಗಾಲ್ಫ್ ಮೈದಾನ ನೋಡಲು ಹಸಿರು ಬಯಲು. ಹುಲ್ಲು ತಾನೇ, ಬೇಡವಾದರೆ ಉತ್ತು ಬಿತ್ತಿದರಾಯಿತು ಎನ್ನಿಸುತ್ತದೆ. ಒಳಗೆ ಅಗೆದರೆ ಬೇರೆಯೇ ಲೋಕ. ಚೆಂಡು ಗುಳಿಗೆ ಬೀಳುವ ನುಣುಪಾದ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಚೆನ್ನಾಗಿ ಕಟ್ಟಿದ ಗ್ರೀನಿನಲ್ಲಿ ಹುಲ್ಲಿನ ಕೆಳಗೆ ಸುಮಾರು 30 ಸೆಂಟಿಮೀಟರ್ ಮರಳು, ಅದರ ಕೆಳಗೆ 10 ಸೆಂಟಿಮೀಟರ್ ಕಡಿ, ಅದರೊಳಗೆ ನೀರು ಬಸಿಯುವ ತೂತು ಪೈಪುಗಳು. ಬಿದ್ದ ನೀರು ಕ್ಷಣದಲ್ಲಿ ಕೆಳಗಿಳಿಯಬೇಕು ಎಂಬುದು ಅಲ್ಲಿನ ಲೆಕ್ಕ.

ನಮ್ಮ ಎರೆಯ ಗುಣ ಇದಕ್ಕೆ ತದ್ವಿರುದ್ಧ. ಒಂದು ಹಿಡಿ ಎರೆ ಮಣ್ಣು ನೆನೆಸಿ ಮುಷ್ಟಿಯಲ್ಲಿ ಒತ್ತಿದರೆ ಬೆರಳ ಸಂದಿನಿಂದ ಬೆಣ್ಣೆಯಂತೆ ಹೊರಬಂದು ಅಂಗೈಗೆ ಅಂಟುತ್ತದೆ. ಒಣಗಿದರೆ ಕಲ್ಲು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ನೀರು ಹಿಡಿದಿಟ್ಟುಕೊಳ್ಳುವ ಆ ಗುಣದಿಂದಲೇ ಹಿಂಗಾರಿ ಜೋಳ, ಕಡಲೆ ಬೆಳೆಯುತ್ತವೆ, ತೊಗರಿ ಮಳೆಗಾಲ ಮುಗಿದ ಮೇಲೂ ನಿಂತು ಕಾಯಿ ಕಟ್ಟುತ್ತದೆ. ಇಂಥ ನೆಲವನ್ನು ಗಾಲ್ಫಿಗೆ ಸಜ್ಜು ಮಾಡಬೇಕಾದರೆ ಬದು ಒಡೆಯಬೇಕು, ದಿಬ್ಬ ತಗ್ಗು ಮಾಡಬೇಕು, ಮರಳು ಕಡಿ ಸುರಿಯಬೇಕು, ಕೆರೆಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಅರ್ಧ ಆದ ಮೇಲೆ ಕಂಪನಿ ಬಿಟ್ಟು ಹೋದರೆ ಉಳಿಯುವ ನೆಲ ಅತ್ತ ಮೈದಾನವೂ ಅಲ್ಲ, ಇತ್ತ ಹೊಲವೂ ಅಲ್ಲ. ಮೇಲ್ಮಣ್ಣು ಎಲ್ಲಿ ರಾಶಿ ಹಾಕಿದ್ದರೋ ಅಲ್ಲೇ ಮಳೆಗೆ ಕೊಚ್ಚಿ ಹಳ್ಳ ಸೇರುತ್ತದೆ. ಒಂದಂಗುಲ ಮೇಲ್ಮಣ್ಣಾಗಲು ತಲೆಮಾರುಗಳೇ ಬೇಕು.

ನೀರಿನ ಲೆಕ್ಕ ಇನ್ನೂ ಕಠಿಣ. ಹದಿನೆಂಟು ಗುಳಿಗಳ ಮೈದಾನಕ್ಕೆ ನೂರಿಪ್ಪತ್ತರಿಂದ ನೂರೈವತ್ತು ಎಕರೆ ಬೇಕು ಎನ್ನೋಣ. ಅದರಲ್ಲಿ ನೀರುಣಿಸುವ ಹುಲ್ಲು 60 ಎಕರೆ ಎಂದು ಕಡಿಮೆಯೇ ಹಿಡಿಯಿರಿ. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದುಕೊಂಡರೆ ಒಂದು ಎಕರೆಗೆ 20 ಸಾವಿರ ಲೀಟರ್, ಅರವತ್ತು ಎಕರೆಗೆ ದಿನಕ್ಕೆ 12 ಲಕ್ಷ ಲೀಟರ್. ಕಲಬುರಗಿಯ ಏಪ್ರಿಲ್ ಮೇ ಬಿಸಿಲಿಗೆ 5 ಮಿಲಿಮೀಟರ್ ಸಾಲುವುದೂ ಇಲ್ಲ. ತಲೆಗೆ 55 ಲೀಟರಿನಂತೆ ಲೆಕ್ಕ ಹಾಕಿದರೆ 12 ಲಕ್ಷ ಲೀಟರ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಒಂದು ದಿನದ ನೀರು. ಬೇಸಿಗೆಯಲ್ಲಿ ಭೀಮಾ ಒಣಗಿ ಉಜನಿ ಜಲಾಶಯದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳುವ, ಸೊನ್ನ ಬ್ಯಾರೇಜಿನ ಮಟ್ಟ ನೋಡುತ್ತ ಕೂರುವ ಅಫಜಲಪುರಕ್ಕೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆಳಂದಕ್ಕಂತೂ ಅಮರ್ಜಾ ನದಿಯೊಂದೇ ದಿಕ್ಕು. ಯೋಜನೆಯವರು ಊರಿಗೆ ಬಂದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು: ನೀರು ಎಲ್ಲಿಂದ, ಅದಕ್ಕೆ ಅನುಮತಿ ಪತ್ರ ಎಲ್ಲಿ?

ಬಿಟ್ಟುಹೋದ ಗಾಲ್ಫ್ ಮೈದಾನಗಳ ಗತಿ ಹೊರದೇಶಗಳಲ್ಲಿ ಬಗೆಬಗೆಯಾಗಿದೆ. ಜಪಾನ್ 1987ರಲ್ಲಿ ರೆಸಾರ್ಟ್ ಅಭಿವೃದ್ಧಿಗೆಂದೇ ಕಾಯ್ದೆ ಮಾಡಿತು, ಹಣದ ಉಬ್ಬರದಲ್ಲಿ ಊರೂರಿಗೆ ಮೈದಾನ ಎದ್ದವು, ಉಬ್ಬರ ಇಳಿದ ಮೇಲೆ ಆಡುವವರಿಲ್ಲದೆ ಮುಚ್ಚಿದವು. ಕ್ಯೋಸೆರಾ ಕಂಪನಿ ಕ್ಯೋಟೊ ಪ್ರಾಂತದ ಅಂಥದೊಂದು ಮೈದಾನದಲ್ಲಿ 23 ಮೆಗಾವ್ಯಾಟ್ ಸೌರ ಘಟಕದ ಯೋಜನೆಯನ್ನು 2015ರಲ್ಲಿ ಪ್ರಕಟಿಸಿತು. ಅಮೆರಿಕದಲ್ಲಿ ಕೆಲವು ಮನೆಗಳಾದವು, ಕೆಲವು ಊರಿನ ಉದ್ಯಾನವಾದವು. ಇವುಗಳಲ್ಲಿ ಮತ್ತೆ ಹೊಲವಾದದ್ದು ಕಡಿಮೆ. ಬಿಸಿಲು ಸಮೃದ್ಧಿಯಾಗಿರುವ ನಮ್ಮಲ್ಲಿಯೂ ನಿಂತ ಯೋಜನೆಯ ನೆಲದ ಮುಂದಿನ ಗಿರಾಕಿ ಸೋಲಾರ್ ಕಂಪನಿಯೇ ಆಗಿರುವ ಸಂಭವ ಹೆಚ್ಚು. ಮೊದಲ ಕರಾರಿನಲ್ಲಿ ‘ಯಾವುದೇ ಇತರ ಉದ್ದೇಶಕ್ಕೆ’ ಎಂಬ ಮೂರು ಪದ ನುಸುಳಿದ್ದರೆ, ಅಂದು ರೆಸಾರ್ಟಿಗೆ ಎಂದು ಕೊಟ್ಟ ಬಾಡಿಗೆ ದರಕ್ಕೇ ಇಂದು ಸೋಲಾರ್ ಹಲಗೆ ನಿಲ್ಲುತ್ತವೆ.

ಹೊಲ ಕೊಡುವವರಷ್ಟೇ ಅಲ್ಲ, ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿದು ಊರ ಕಡೆ ರೆಸಾರ್ಟ್ ಪ್ಲಾಟಿಗೆ ಹಣ ಹಾಕುವ ನಮ್ಮ ಮಕ್ಕಳೂ ಇದ್ದಾರೆ. ಅವರಿಗೆ ಇಷ್ಟು ಸಾಕು: 500 ಚದರ ಮೀಟರ್ ಮೀರಿದ ನೆಲದ ಪ್ಲಾಟುಗಳನ್ನು ಜಾಹೀರಾತು ಮಾಡಿ ಮಾರಬೇಕಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಬೇಕು. ಕೊಂಡವರ ಹಣದಲ್ಲಿ ಶೇ 70ರಷ್ಟನ್ನು ಆ ಯೋಜನೆಗೇ ಮೀಸಲಾದ ಬ್ಯಾಂಕ್ ಖಾತೆಯಲ್ಲಿಡಬೇಕು. ಹೇಳಿದ ದಿನಕ್ಕೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸು ಕೇಳಬಹುದು. ನೋಂದಣಿ ಸಂಖ್ಯೆ ಇಲ್ಲದ ಕರಪತ್ರ ಕೈಗೆ ಬಂದರೆ ಅಲ್ಲಿಗೇ ಮಾತು ಮುಗಿಸಿ.

ಇನ್ನು ಸಹಿ ಹಾಕುವ ದಿನದ ಕೆಲಸ. ಹಿಂದಿನ ದಿನವೇ ನಾಡಕಚೇರಿಯಿಂದ ಆ ತಾರೀಖಿನ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಹೊಲ ಬಂದ ಬಗೆ, 11ರಲ್ಲಿ ಸಾಲ ಮತ್ತು ತಕರಾರು, 12ರಲ್ಲಿ ಉಳುವವರು ಮತ್ತು ಬೆಳೆ. ನಾಲ್ಕನ್ನೂ ಓದಲು ಬರುವವರಿಂದ ಜೋರಾಗಿ ಓದಿಸಿ ಕೇಳಿ. ಅಣ್ಣತಮ್ಮಂದಿರ ಪಾಲು ಆಗದೆ ಅಪ್ಪನ ಹೆಸರಿನಲ್ಲೇ ಇರುವ ಹೊಲವಾದರೆ ಎಲ್ಲರ ಸಹಿ ಬೇಕು, ಮನೆಯ ಹೆಣ್ಣುಮಕ್ಕಳದ್ದೂ. ಟಿಪ್ಪಣಿ ನಕ್ಷೆಯ ಒಂದು ಪ್ರತಿ ಭೂಮಾಪನ ಇಲಾಖೆಯಿಂದ ತೆಗೆಸಿಟ್ಟುಕೊಳ್ಳಿ. ಬುಲ್ಡೋಜರ್ ಬಂದ ಮೇಲೆ ಬಾಂದುಗಲ್ಲು ಎಲ್ಲಿತ್ತೆಂದು ಹೇಳಲು ನಿಮ್ಮ ಹತ್ತಿರ ಅದೊಂದೇ ಇರುತ್ತದೆ. ಮಗನಿಗೋ ಮೊಮ್ಮಗಳಿಗೋ ಹೇಳಿ, ಹೊಲದ ನಾಲ್ಕು ಮೂಲೆಯ ಕಲ್ಲಿನ ಪಕ್ಕ ನಿಮ್ಮನ್ನು ನಿಲ್ಲಿಸಿ, ಹಿಂದೆ ಬೆಳೆ ಕಾಣುವ ಹಾಗೆ ಫೋಟೊ ತೆಗೆಸಿ, ತಾರೀಖು ಹಾಕಿ ಪಹಣಿಯ ಜೊತೆಗೇ ಇಡಿ.